ಐದನೇ ಅಡ್ಡರಸ್ತೆಯ ಕೆಂಪು ಬಳೆಚೂರು

ನಮ್ಮ ಬಡಾವಣೆಗೆ ನಡೆದುಕೊಂಡು ಬಂದರೆ ನಿಮಗೆ ಏನೂ ಕಾಣುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನನ್ನನ್ನು ಬೈಯಬಾರದು. ಕಾರಿನಲ್ಲಿ ಬಂದರೂ ಅಷ್ಟೇ, ಸ್ಕೂಟರಿನಲ್ಲಿ ಬಂದರೂ ಅಷ್ಟೇ. ಎಲ್ಲ ಕಡೆ ಇರುವ ಹಾಗೆ ಗ್ರಿಲ್ಲು ಹಾಕಿದ ವರಾಂಡ, ಗೇಟಿನ ಮೇಲೆ ‘ನಾಯಿ ಇದೆ ಎಚ್ಚರಿಕೆ’ ಬೋರ್ಡು, ಸಂಪಿನ ಮುಚ್ಚಳದ ಮೇಲೆ ಒಣಹಾಕಿದ ಹಪ್ಪಳ. ಸೈಕಲ್ ಹತ್ತಿ ನಾಲ್ಕು ಪೆಡಲ್ ತುಳಿಯಿರಿ, ಆಮೇಲೆ ಮಾತಾಡೋಣ.

ಟ್ರಾನ್ಸ್‌ಫಾರ್ಮರ್ ಇದ್ದ ಕಡೆ ಕುದುರೆಗಳಿಗೆ ನೀರು ಕುಡಿಸುವ ಕಲ್ಲಿನ ತೊಟ್ಟಿ ಕಾಣುತ್ತದೆ. ಹಲ್ಲಿನ ಡಾಕ್ಟರ ಮನೆ ಇದ್ದ ಕಡೆ ಹನ್ನೆರಡು ಕಂಬದ ಛತ್ರ. ಮೂಲೆಯ ಬ್ಯೂಟಿ ಪಾರ್ಲರ್ ಹೋಗಿ ಅಲ್ಲಿ ಗರಡಿಮನೆ ಬಂದು ಕೂತಿರುತ್ತದೆ, ಕೆಮ್ಮಣ್ಣಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಜನ ಯಾರೂ ಕಾಣುವುದಿಲ್ಲ. ಆದರೆ ಬಾವಿಯ ಹಗ್ಗ ಒದ್ದೆಯಾಗಿರುತ್ತದೆ, ಛತ್ರದ ಒಲೆಯಲ್ಲಿ ಬೂದಿ ಬಿಸಿಯಾಗಿರುತ್ತದೆ, ಈಗಷ್ಟೇ ಎದ್ದು ಹೋದರೇನೋ ಎನ್ನುವ ಹಾಗೆ. ಕಾಲು ಕೆಳಗೆ ಊರಿದಿರೋ, ಮುಗಿಯಿತು. ಮತ್ತೆ ಅದೇ ಗೇಟು, ಅದೇ ನಾಯಿ, ಅದೇ ಹಪ್ಪಳ.

ಕ್ಯಾರಿಯರ್ ಮೇಲೆ ಕೂತವರಿಗೆ ಕಾಣುವುದಿಲ್ಲ. ತುಳಿಯುವವರಿಗೆ ಮಾತ್ರ. ಒಬ್ಬ ಮಹಾನುಭಾವರು ಮನೆಯೊಳಗಿನ ವ್ಯಾಯಾಮದ ಸೈಕಲ್ಲನ್ನು ರಸ್ತೆಗೆ ಹೊತ್ತು ತಂದು ಅರ್ಧ ಗಂಟೆ ತುಳಿದರು. ಬೆವರು ಬಂತು, ಬೇರೇನೂ ಬರಲಿಲ್ಲ. ಇನ್ನೊಂದು ವಿಷಯ: ನಿಧಾನವಾದಷ್ಟೂ ಚೆನ್ನಾಗಿ ಕಾಣುತ್ತದೆ. ಜೋರಾಗಿ ಹೋದರೆ ಕಲಸಿದ ರಂಗೋಲಿ. ಅದಕ್ಕೇ ನಮ್ಮಲ್ಲಿ ಮಕ್ಕಳು ಸೈಕಲ್ ಜೋರಾಗಿ ಬಿಟ್ಟರೆ ತಾಯಂದಿರು “ಏನೋ ಕಣ್ಣಿಲ್ದೋನ ಥರ ಓಡಿಸ್ತೀಯ” ಎಂದು ಬೈಯುತ್ತಾರೆ. ಪ್ರತಿ ವರ್ಷ ನಿಧಾನ ಸೈಕಲ್ ಸ್ಪರ್ಧೆ ನಡೆಯುತ್ತದೆ, ಕಾಲೂರದೆ ಕೊನೆಗೆ ಬಂದವರಿಗೆ ಮೊದಲನೇ ಬಹುಮಾನ. ಪಂಕ್ಚರ್ ಅಂಗಡಿಯ ದಸ್ತಗೀರ್ ಸಾಹೇಬರು ಹತ್ತೊಂಬತ್ತು ಅಡಿ ಜಾಗವನ್ನು ದಾಟಲು ನಲವತ್ತು ಸೆಕೆಂಡು ತೆಗೆದುಕೊಳ್ಳುತ್ತಾರೆ. ನೋಡುತ್ತಾ ನಿಂತರೆ ನಮಗೇ ಆಕಳಿಕೆ ಬರುತ್ತದೆ.

ಹೋದ ವರ್ಷ ದೊಡ್ಡ ಊರಿನಿಂದ ಪರಂಪರೆಯ ಹುಚ್ಚಿನವರ ಒಂದು ಸೈಕಲ್ ಬಳಗ ಬಂದಿತ್ತು. ಹನ್ನೆರಡು ಜನ, ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕಪ್ಪು ಕನ್ನಡಕ, ಮೈಗೆ ಅಂಟಿದ ಚಡ್ಡಿ. ಗೇರ್ ಸೈಕಲ್ಲುಗಳಲ್ಲಿ ಸುಂಯ್ ಅಂತ ಐದನೇ ಅಡ್ಡರಸ್ತೆ ದಾಟಿ ಹೋದರು. “ಏನ್ ಕಂಡ್ರೀ?” ಎಂದು ಕೇಳಿದೆ. “ಏನೋ ಕಂದು ಬಣ್ಣದ್ದು ಕಾಣಿಸ್ತು ಮೇಡಂ” ಅಂದರು. ನಿಧಾನವಾಗಿ ಹೋಗಿ ಅಂದದ್ದಕ್ಕೆ ಅವರ ಮುಖಂಡರು ಪ್ರಯತ್ನಪಟ್ಟು, ಡಾಕ್ಟರ ಮನೆಯ ಸೇವಂತಿಗೆ ಪಾತಿಯೊಳಗೆ ಸೈಕಲ್ ಸಮೇತ ಮಲಗಿದರು. ಫೋಟೋ ತೆಗೆದರೆ ಫೋಟೋದಲ್ಲಿ ಬರೀ ಗೋಡೆ. ಪಾಪ, ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದೆವು.

ನಾನು ಇಂದ್ರಾಣಿ. ಇದೇ ಬಡಾವಣೆಯ ಅಂಗನವಾಡಿ ಟೀಚರ್. ಮದುವೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ನನ್ನ ಬಾಯಿ ಜೋರು ಅಂತ ಎಲ್ಲರೂ ಹೇಳುತ್ತಾರೆ, ಇರಲಿ, ಮೂವತ್ತು ಮಕ್ಕಳನ್ನು ಪಿಸುಮಾತಿನಲ್ಲಿ ಸುಧಾರಿಸಿ ತೋರಿಸಲಿ ಅವರು. ಈಗ ಹೇಳಲು ಹೊರಟದ್ದು ನನ್ನ ಕಥೆಯಲ್ಲ, ನಮ್ಮತ್ತೆ ಚೆಲುವಾಜಮ್ಮನವರದು. ಮತ್ತು ಎದುರು ಮನೆಯ ಕಮಲಾಕ್ಷಮ್ಮನವರದು. ಇಬ್ಬರಿಗೂ ಅರವತ್ತೆಂಟು ವರ್ಷ. ಇಬ್ಬರೂ ಇದೇ ಮನೆಗಳಲ್ಲಿ ಹುಟ್ಟಿದವರು, ಮದುವೆಯಾದ ಮೇಲೂ ಇಲ್ಲೇ ಉಳಿದವರು. ಎರಡು ಮನೆಗಳ ನಡುವೆ ಇರುವುದು ಒಂದು ರಸ್ತೆ, ಹದಿನೈದು ಹೆಜ್ಜೆ. ಐವತ್ತೆಂಟು ವರ್ಷಗಳಿಂದ ಆ ಹದಿನೈದು ಹೆಜ್ಜೆಯನ್ನು ಇಬ್ಬರೂ ದಾಟಿಲ್ಲ.

ಮಾತು ಬಿಟ್ಟಿದ್ದಾರೆ ಅಂದುಕೊಳ್ಳಬೇಡಿ. ದಿನಾ ಮಾತಾಡುತ್ತಾರೆ, ನನ್ನ ಮೂಲಕ. ಇಬ್ಬರೂ ತಂತಮ್ಮ ಜಗಲಿಯ ಮೇಲೆ ಎದುರುಬದುರಾಗಿ ಕೂತು ಸೊಪ್ಪು ಬಿಡಿಸುತ್ತಿರುತ್ತಾರೆ. ನಮ್ಮತ್ತೆ, “ಇಂದ್ರಾಣಿ, ಹೇಳೇ ಅವಳಿಗೆ, ಆ ಸೊಪ್ಪಿನಲ್ಲಿ ಹುಳ ಇದೆ ಅಂತ” ಅನ್ನುತ್ತಾರೆ. ನಾನು ಬಾಯಿ ತೆಗೆಯುವ ಮೊದಲೇ ಅಲ್ಲಿಂದ ಉತ್ತರ: “ಹೇಳಮ್ಮ ಇಂದ್ರಾಣಿ ನಿಮ್ಮತ್ತೆಗೆ, ಹುಳ ಹುಡುಕೋಕೆ ನನಗಿನ್ನೂ ಕಣ್ಣಿದೆ ಅಂತ.” ನಾನು ಒಳಗೆ ಅನ್ನ ಬಸಿಯುತ್ತಿದ್ದರೂ ಸರಿಯೇ, ಊರಿಗೇ ಹೋಗಿದ್ದರೂ ಸರಿಯೇ, ‘ಹೇಳು ಇಂದ್ರಾಣಿ’ ತಪ್ಪುವುದಿಲ್ಲ.

ಇದಕ್ಕೆಲ್ಲ ಮೂಲ ಒಂದು ಚೌಕಾಬಾರ ಆಟ. ಐವತ್ತೆಂಟು ವರ್ಷದ ಹಿಂದೆ ಈ ರಸ್ತೆಯ ತುದಿಯಲ್ಲಿ ಬಾವಿ ಇತ್ತು. ಬಾವಿಕಟ್ಟೆಯ ಚಪ್ಪಡಿಯ ಮೇಲೆ ಚೌಕಾಬಾರದ ಮನೆ ಕೊರೆದಿತ್ತು, ಅತ್ತ ಐದು ಇತ್ತ ಐದು. ಹತ್ತು ವರ್ಷದ ಚೆಲ್ವಿ ಮತ್ತು ಹತ್ತು ವರ್ಷದ ಕಮ್ಲಿ ದಿನವಿಡೀ ಅಲ್ಲೇ. ಚೆಲ್ವಿಯ ಕಾಯಿ ಕೆಂಪು ಬಳೆಚೂರು, ಕಮ್ಲಿಯದು ಹಸಿರು ಬಳೆಚೂರು, ಉರುಳಿಸಲು ತೇಯ್ದ ಹುಣಸೆಬೀಜ. ಕಾಯಿ ಸುತ್ತಿ ಸುತ್ತಿ ನಡುಮನೆ ಸೇರಿದರೆ ಹಣ್ಣಾಯಿತು, ಎಲ್ಲ ಕಾಯಿ ಹಣ್ಣಾದವಳು ಗೆದ್ದಳು. ಆ ದಿನ ಹಣ್ಣಾದವನ್ನೆಲ್ಲ ಎತ್ತಿಟ್ಟು ಇಬ್ಬರಿಗೂ ಒಂದೊಂದೇ ಕಾಯಿ ಉಳಿದಿತ್ತು. ಪಂದ್ಯವೂ ಇತ್ತು: ಸೋತವಳು ಗೆದ್ದವಳ ಮನೆಗೆ ಹೋಗಿ, ಹೊಸಿಲು ದಾಟಿ, “ಸೋತೆ ಕಣೇ” ಅಂತ ಹೇಳಿ, ಊಟ ಮಾಡಿ ಬರಬೇಕು. ಅಷ್ಟರಲ್ಲಿ ಬಾವಿ ಮುಚ್ಚುವವರು ಮಣ್ಣಿನ ಗಾಡಿಗಳ ಸಮೇತ ಬಂದುಬಿಟ್ಟರು. ದೊಡ್ಡವರು ಓಡಿಬಂದು ಇಬ್ಬರನ್ನೂ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಆಟ ಹಾಗೇ ಉಳಿಯಿತು, ಬಾವಿ ಮಣ್ಣಾಯಿತು, ಅದರ ಮೇಲೆ ‘ಶ್ರೀನಿಲಯ’ ಅನ್ನುವ ಮನೆ ಎದ್ದಿತು.

ನಮ್ಮತ್ತೆ ಹೇಳುವುದು: “ನನ್ನ ಕೆಂಪು ಹಣ್ಣಾಗಿತ್ತು, ನಾನೇ ಗೆದ್ದೆ, ಅವಳು ಬರ್ಬೇಕು.” ಕಮಲಾಕ್ಷಮ್ಮ ಹೇಳುವುದು: “ನನ್ನ ಹಸಿರು ಮೊದಲೇ ಹಣ್ಣಾಗಿತ್ತು, ಅವಳೇ ಬರ್ಬೇಕು.” ಬರಲಿ ಅಂತ ಇಬ್ಬರೂ ಕಾದರು. ಮದುವೆಯಾದರು, ಬಾಣಂತನವಾಯಿತು, ಮೊಮ್ಮಕ್ಕಳು ಬಂದವು. ಹಬ್ಬಕ್ಕೆ ಒಬ್ಬಟ್ಟು ಆ ಮನೆಯಿಂದ ಈ ಮನೆಗೆ, ಈ ಮನೆಯಿಂದ ಆ ಮನೆಗೆ ನಮ್ಮ ಕೈಯಲ್ಲಿ ಹೋಗುತ್ತದೆ, ಬರುತ್ತದೆ. ಅವರಿಬ್ಬರು ಮಾತ್ರ ಜಗಲಿ ಇಳಿಯುವುದಿಲ್ಲ.

ಸೈಕಲ್ ಮೇಲೆ ಹೋಗುವವರಿಗೆ ಆ ಬಾವಿ, ಆ ಕಟ್ಟೆ, ಆ ಚಪ್ಪಡಿ, ಎಲ್ಲವೂ ಕಾಣುತ್ತದೆ. ಬಿಳಿ ಬಣ್ಣದ ವಿದ್ಯುತ್ ಕಂಬದಿಂದ ನುಗ್ಗೆಮರದವರೆಗೆ, ಅದೇ ಹತ್ತೊಂಬತ್ತು ಅಡಿ. ಆಟ ನಿಲ್ಲಿಸಿದ್ದು ನಿಲ್ಲಿಸಿದ ಹಾಗೆ ಅಲ್ಲೇ ಇದೆ. ತೊಂದರೆ ಏನೆಂದರೆ, ನಡುಮನೆಯ ಮೇಲೆ ರಾಟೆಯ ನೆರಳು ಬೀಳುತ್ತದೆ, ಬಳೆಚೂರೋ ಉಗುರಿನಷ್ಟು. ನನ್ನಂಥವಳಿಗೆ ಏಳು ಸೆಕೆಂಡು ಸಿಕ್ಕಿದರೆ ಹೆಚ್ಚು. ಒಬ್ಬರು ಕೆಂಪು ಕಂಡೆ ಅನ್ನುತ್ತಾರೆ, ಇನ್ನೊಬ್ಬರು ಆಣೆ ಮಾಡಿ ಹಸಿರು ಅನ್ನುತ್ತಾರೆ. ಬಡಾವಣೆಯಲ್ಲಿ ಕೆಂಪು ಪಕ್ಷ, ಹಸಿರು ಪಕ್ಷ ಅಂತ ಎರಡಾಗಿವೆ. ಹಲ್ಲಿನ ಡಾಕ್ಟರು ಹಸಿರು, ಅವರ ಹೆಂಡತಿ ಕೆಂಪು, ಆ ಮನೆಯಲ್ಲಿ ಒಂದೊಂದು ದಿನ ಒಲೆ ಹೊತ್ತುವುದಿಲ್ಲ. ನಾನು ಸೊಸೆಯಾದ ತಪ್ಪಿಗೆ ಕೆಂಪು ಪಕ್ಷ. ಸರಿಯಾಗಿ ಕಂಡಿದ್ದರೆ ಅದು ದಸ್ತಗೀರ್ ಸಾಹೇಬರಿಗೆ ಮಾತ್ರ, ನಲವತ್ತು ಸೆಕೆಂಡು ನೋಡುವವರು. ಕೇಳಿದರೆ ಕಿವಿ ಹಿಡಿದುಕೊಳ್ಳುತ್ತಾರೆ: “ಹೆಣ್ಮಕ್ಕಳ ಆಟದಲ್ಲಿ ನಾನು ಬಾಯಿ ಹಾಕಲ್ಲಮ್ಮ. ಅವರು ಅವರೇ ನೋಡ್ಕೊಳ್ಳಲಿ.”

ಅವರೇ ನೋಡಿಕೊಳ್ಳಲಿ ಎಂದರೆ ಇಬ್ಬರಿಗೂ ಸೈಕಲ್ ಬರುವುದಿಲ್ಲ. ಅವರ ಕಾಲದಲ್ಲಿ ಹೆಣ್ಣುಮಕ್ಕಳು ಸೈಕಲ್ ಮುಟ್ಟಿದರೆ ಕಾಲು ಮುರಿಯುತ್ತೇನೆ ಎನ್ನುತ್ತಿದ್ದರಂತೆ. ಹೀಗೆ ಎಲ್ಲರೂ ಕಂಡ ಬಾವಿಕಟ್ಟೆಯನ್ನು, ಅಲ್ಲಿ ಆಡಿದ ಇಬ್ಬರು ಮಾತ್ರ ಮತ್ತೆ ಕಂಡಿರಲಿಲ್ಲ.

ಹೀಗೇ ನಡೆಯುತ್ತಿತ್ತು, ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಎಂಜಿನಿಯರ್ ಒಬ್ಬರು ಬಂದು ರಸ್ತೆಯುದ್ದಕ್ಕೂ ಸುಣ್ಣದ ಗೆರೆ ಎಳೆದು ಹೋದರು. ಒಳಚರಂಡಿ ಪೈಪು. ಇಪ್ಪತ್ತು ದಿನ ಬಿಟ್ಟು, ಸೋಮವಾರ ಬೆಳಿಗ್ಗೆ ಅಗೆತ. ನಮಗೆಲ್ಲ ಗಾಬರಿಯಾಯಿತು, ಏಕೆಂದರೆ ಆರನೇ ಅಡ್ಡರಸ್ತೆಯಲ್ಲಿ ಹೀಗೇ ಅಗೆದು ಪೈಪು ಹಾಕಿ ಮುಚ್ಚಿದ ಮೇಲೆ ಅಲ್ಲಿದ್ದ ಹಳೆಯ ಅಂಗಡಿಸಾಲು ಯಾರು ಎಷ್ಟು ಸುತ್ತು ಹೊಡೆದರೂ ಕಾಣಲಿಲ್ಲ. ಹೋದದ್ದು ಹೋಯಿತು. ಪೈಪು ಬೇಡ ಅನ್ನಲೂ ಬಾಯಿಲ್ಲ, ಮಳೆ ಬಂದರೆ ನಮ್ಮ ಮೋರಿಯ ಅವಸ್ಥೆ ನಮಗೇ ಗೊತ್ತು.

ಆ ಸಂಜೆ ನಮ್ಮತ್ತೆ ಕಾಫಿ ಲೋಟ ಕೆಳಗಿಟ್ಟು ನನ್ನನ್ನು ಹತ್ತಿರ ಕರೆದರು.

“ಇಂದ್ರಾಣಿ, ನನಗೆ ಸೈಕಲ್ ಕಲಿಸು.”

ನನಗೆ ನಗು ತಡೆಯಲಾಗಲಿಲ್ಲ. “ಅತ್ತೆ, ನಿಮ್ಮ ಮೊಣಕಾಲು ಮೆಟ್ಟಿಲು ಹತ್ತೋಕೆ ಒಪ್ಪಲ್ಲ.”

“ಸೈಕಲ್ಲಿಗೆ ಮೆಟ್ಟಿಲಿದೆಯೇನೇ? ನಗಬೇಡ, ಕೇಳು.” ಧ್ವನಿ ಇಳಿಸಿ ಹೇಳಿದರು. “ಬೀಜ ಉರುಳಿಸಿದ್ದು ನೆನಪಿದೆ. ಒಂದು ಬಿದ್ದಿದ್ದೂ ನೆನಪಿದೆ. ಒಂದು ಬಿದ್ರೆ ನಂದು ಹಣ್ಣು. ಆದ್ರೆ ನಮ್ಮಪ್ಪ ರಟ್ಟೆ ಹಿಡಿದು ಎಳೆದಾಗ ಕಾಯಿ ನಡೆಸಿದ್ದೆನೋ ಇಲ್ಲವೋ, ಅದು ನೆನಪಿಲ್ಲ ಕಣೇ. ಐವತ್ತೆಂಟು ವರ್ಷ ಗೆದ್ದೆ ಗೆದ್ದೆ ಅಂತ ಕೂಗಿದ್ದೀನಿ. ನಾನೇ ಸುಳ್ಳು ಹೇಳ್ಕೊಂಡು ಬಂದಿದ್ರೆ? ಸೋತಿದ್ರೆ ನಾನು ಹೋಗ್ಬೇಕಿತ್ತಲ್ವಾ ಅವಳ ಮನೆಗೆ? ಸೋಮವಾರ ಆದ್ಮೇಲೆ ಯಾರನ್ನ ಕೇಳಲಿ?”

ನಗು ನಿಂತಿತು. ಮರುದಿನ ಬೆಳಿಗ್ಗೆ ಐದೂವರೆಗೆ ದಸ್ತಗೀರ್ ಸಾಹೇಬರು ಅಡ್ಡಕಂಬಿ ಇಲ್ಲದ ಹಳೆಯ ಲೇಡೀಸ್ ಸೈಕಲ್ ಒಂದನ್ನು ಎಣ್ಣೆ ಹಾಕಿ, ಸೀಟು ಇಳಿಸಿ, ಶಾಲೆಯ ಮೈದಾನಕ್ಕೆ ತಳ್ಳಿಕೊಂಡು ಬಂದರು. ನಮ್ಮತ್ತೆ ಸೀರೆಯನ್ನು ಕಚ್ಚೆ ಹಾಕಿ, ಅದರ ಮೇಲೆ ನಮ್ಮ ಯಜಮಾನರ ಬೆಲ್ಟು ಬಿಗಿದುಕೊಂಡು ಬಂದರು. ನನ್ನ ಗಂಡ ಅಷ್ಟೂ ದಿನ ಪ್ಯಾಂಟನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದರು.

ಮೊದಲ ದಿನ ಸೈಕಲ್ ಹತ್ತಿದ್ದಕ್ಕಿಂತ ಬಿದ್ದದ್ದೇ ಹೆಚ್ಚು. ಎಡಕ್ಕೆ ಬಿದ್ದರು, ಬಲಕ್ಕೆ ಬಿದ್ದರು, ಒಂದು ಸಲ ನನ್ನ ಮೇಲೇ ಬಿದ್ದರು. “ಹಿಡ್ಕೊಂಡಿದ್ದೀಯೇನೇ?” ಅಂತ ಅವರು, “ಹಿಡ್ಕೊಂಡಿದ್ದೀನಿ ಅತ್ತೆ” ಅಂತ ನಾನು, “ಬಿಟ್ರೆ ನೋಡು, ಮನೆ ಬಿಟ್ಟು ಹೋಗ್ತೀನಿ” ಅಂತ ಅವರು. ನಾಲ್ಕನೇ ದಿನಕ್ಕೆ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಎರಡು ಪುಟ್ಟ ಚಕ್ರ ಜೋಡಿಸಿ ಬಾವಿಯ ಕಡೆ ಕರೆದುಕೊಂಡು ಹೋದೆವು. ಬರೀ ಶ್ರೀನಿಲಯದ ಗೋಡೆ. ಪುಟ್ಟ ಚಕ್ರ ನಡೆಯುವುದಿಲ್ಲ, ಎರಡೇ ಚಕ್ರದ ಮೇಲೆ ತೂಗಬೇಕು. ನಮ್ಮತ್ತೆ ಇಳಿದು ಆ ಪುಟ್ಟ ಚಕ್ರಗಳನ್ನು ಕಿತ್ತು ದಸ್ತಗೀರ್ ಸಾಹೇಬರ ಕೈಗೆ ಕೊಟ್ಟರು. “ತಗೊಳ್ಳಿ ಸಾಹೇಬ್ರೆ, ಇದು ಮಕ್ಕಳಾಟ.”

ಬಡಾವಣೆಗೆ ಹಬ್ಬ ಬಂದ ಹಾಗಾಯಿತು. ಬೆಳಿಗ್ಗೆ ತಾರಸಿಗಳ ಮೇಲೆ ಜನ, ಕೈಯಲ್ಲಿ ಕಾಫಿ. ಕೆಂಪು ಪಕ್ಷದವರು “ತುಳೀರಿ ಅಜ್ಜಿ, ತುಳೀರಿ!” ಎಂದು ಕೂಗಿದರೆ ಹಸಿರು ಪಕ್ಷದವರು ಹಲ್ಲಿನ ಡಾಕ್ಟರ ನೇತೃತ್ವದಲ್ಲಿ ಮೊದಲು ಕಿಚಾಯಿಸಿದರು, ವಾರ ಕಳೆದ ಮೇಲೆ ಅವರೂ ಮರೆತು “ತುಳೀರಿ ತುಳೀರಿ” ಎಂದರು. ಬಿದ್ದಾಗ ಇಡೀ ರಸ್ತೆ “ಅಯ್ಯಯ್ಯೋ” ಅನ್ನುತ್ತಿತ್ತು. ನಮ್ಮ ಮನೆಯಲ್ಲಿ ಅರಿಶಿನದ ಡಬ್ಬಿ ಖಾಲಿಯಾಯಿತು.

ಕಮಲಾಕ್ಷಮ್ಮ ಜಗಲಿಯ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಅವರಿಗೆ ಸೈಕಲ್ ಸಾಧ್ಯವೇ ಇರಲಿಲ್ಲ, ಸೊಂಟದ ಮೂಳೆಗೆ ಆಪರೇಷನ್ ಆಗಿ ಕೋಲು ಹಿಡಿದು ನಡೆಯುತ್ತಾರೆ. ಹನ್ನೆರಡನೇ ದಿನ ನಮ್ಮತ್ತೆ ಹ್ಯಾಂಡಲ್ ದಿಟ್ಟಿಸುತ್ತಾ ಓಲಾಡಿಕೊಂಡು ಬಂದು ಅವರ ಮನೆಯೆದುರಿಗೇ ಮೋರಿಗೆ ಇಳಿದರು. ಅಲ್ಲಿಂದ ಗದರಿದ ಧ್ವನಿ ಬಂತು: “ಇಂದ್ರಾಣಿ, ಹೇಳಮ್ಮ ನಿಮ್ಮತ್ತೆಗೆ! ಹ್ಯಾಂಡಲ್ ನೋಡಬೇಡ, ದೂರ ನೋಡು ಅಂತ. ಚಿಕ್ಕಂದಿನಿಂದ್ಲೂ ಹೀಗೇ, ಕಾಲ ಕೆಳಗೆ ನೋಡ್ಕೊಂಡು ಗೋಡೆಗೆ ಹೋಗಿ ಗುದ್ದೋಳು.”

ನಮ್ಮತ್ತೆ ಮೋರಿಯಿಂದಲೇ, “ಹೇಳೇ ಅವಳಿಗೆ, ಗೊತ್ತಿದೆ ಅಂತ!” ಎಂದರು. ಆದರೆ ಎದ್ದು ಕೂತು ತುಳಿದಾಗ ದೂರ ನೋಡಿದರು. ನೋಡಿ, ಸೈಕಲ್ ನೆಟ್ಟಗಾಯಿತು! ನಾನು ಹಿಂದೆ ಓಡುತ್ತಿದ್ದವಳು ಯಾವಾಗಲೋ ಕೈ ಬಿಟ್ಟಿದ್ದೆ. ಬಾವಿ, ಛತ್ರ ಯಾವುದೂ ಇಲ್ಲದ ರಸ್ತೆಯ ಆಚೆ ತುದಿಯವರೆಗೆ ಹೋಗಿ, ತಿರುಗಿಸಲು ಬಾರದೆ ಮುನಿಸಿಪಾಲಿಟಿ ತೊಟ್ಟಿಗೆ ಆತು ನಿಂತು, ತಿರುಗಿ ನೋಡಿ, ನಾನು ಎಲ್ಲೋ ದೂರದಲ್ಲಿರುವುದನ್ನು ಕಂಡು, ಅರವತ್ತೆಂಟು ವರ್ಷದ ಆ ಹೆಂಗಸು “ಓಹೋ!” ಎಂದು ಕೂಗಿದ ಕೂಗಿಗೆ ಡಾಕ್ಟರ ಮನೆಯ ನಾಯಿ ಬೊಗಳುವುದನ್ನೇ ಮರೆಯಿತು. ನನಗೆ ಕುಣಿಯಬೇಕು ಅನ್ನಿಸಿತು. ಕುಣಿದೆ ಕೂಡ, ಸುಳ್ಳೇಕೆ ಹೇಳಲಿ.

ಸೈಕಲ್ ಬಿಡುವುದು ಬಂದರೆ ಸಾಲದು, ನಿಧಾನ ಬರಬೇಕು. ಉಳಿದ ದಿನಗಳನ್ನು ದಸ್ತಗೀರ್ ಸಾಹೇಬರು ಅದಕ್ಕೇ ಇಟ್ಟುಕೊಂಡರು. “ಅಮ್ಮಾ, ಬ್ರೇಕ್ ಅರ್ಧ ಹಿಡೀರಿ, ಪೆಡಲ್ ಅರ್ಧ ತುಳೀರಿ. ಮುಂದಿನ ಚಕ್ರ ಆ ಕಡೆ ಈ ಕಡೆ ತಿರುಗಿಸ್ತಾ ಇರಿ. ಅವಸರ ಬೇಡ, ಹಾಲು ಕಾಯಿಸ್ತಾ ಇದ್ದೀನಿ ಅಂದ್ಕೊಳ್ಳಿ.” ಹಾಲಿನ ಮಾತು ನಮ್ಮತ್ತೆಗೆ ಹಿಡಿಸಿತು. ಅಗೆತದ ಮುಂಚಿನ ಶನಿವಾರದ ಹೊತ್ತಿಗೆ ಹತ್ತೊಂಬತ್ತು ಅಡಿಗೆ ಹನ್ನೊಂದು ಸೆಕೆಂಡು. ಬಾವಿಯ ಕಡೆಗೆ ಮಾತ್ರ ಮತ್ತೆ ಹೋಗಲಿಲ್ಲ. ಏಕೆ ಎಂದು ಕೇಳಿದರೆ, “ಒಂದೇ ಸಲ ಹೋಗೋದು. ನೋಡೋದು. ಮುಗೀತು” ಎಂದರು. ಹೆದರಿಕೆ ಎಂದು ನನಗೆ ಗೊತ್ತಾಯಿತು.

ಭಾನುವಾರ ಸಂಜೆ ನಾಲ್ಕೂವರೆ. ರಸ್ತೆಯ ತುದಿಯಲ್ಲಿ ಜೆಸಿಬಿ ಆಗಲೇ ಬಂದು ನಿಂತಿತ್ತು. ಐದನೇ ಅಡ್ಡರಸ್ತೆಯ ಎರಡೂ ಬದಿ ಜನವೋ ಜನ, ಕೆಲವರು ಕುರ್ಚಿ ಹಾಕಿಕೊಂಡು ಕೂತಿದ್ದರು, ಒಬ್ಬ ಚುರುಮುರಿ ಗಾಡಿ ನಿಲ್ಲಿಸಿಕೊಂಡಿದ್ದ. ಕಮಲಾಕ್ಷಮ್ಮ ಜಗಲಿಯ ಮೇಲೆ, ಎಡಗೈ ಮಡಿಲಲ್ಲಿ ಮುಷ್ಟಿ ಕಟ್ಟಿ ಕೂತಿದ್ದರು. ನಮ್ಮತ್ತೆ ಹೊಸ ಸೀರೆ ಉಟ್ಟಿದ್ದರು, ಮೇಲೆ ಅದೇ ಬೆಲ್ಟು. ಹಿಂದೆ ನನ್ನ ಸೈಕಲ್ಲಿನಲ್ಲಿ ನಾನು.

“ಅತ್ತೆ, ಹಾಲು,” ಅಂದೆ.

“ಗೊತ್ತು ಸುಮ್ನಿರೇ.”

ಹೊರಟೆವು. ತೊಟ್ಟಿ ಬಂತು, ಛತ್ರ ಬಂತು, ನಮ್ಮತ್ತೆ “ಅಯ್ಯೋ ಶಿವನೇ, ಛತ್ರ!” ಎಂದು ಓಲಾಡಿದರು. ಹ್ಯಾಂಡಲ್ ನೆಟ್ಟಗಾಯಿತು. ಗರಡಿಮನೆ ದಾಟಿತು. ಬಿಳಿ ಕಂಬ. ನಮ್ಮತ್ತೆ ಬ್ರೇಕನ್ನು ಅರ್ಧ ಹಿಡಿದರು. ಹಿಂದೆ ನಾನೂ ಅಷ್ಟೇ ನಿಧಾನಿಸಬೇಕಾಯಿತು, ನನ್ನ ಜನ್ಮದಲ್ಲೇ ಅಷ್ಟು ನಿಧಾನ ಹೋಗಿರಲಿಲ್ಲ. ಆಗ ನನಗೆ ಮೊದಲ ಸಲ ಎಲ್ಲವೂ ನಿಚ್ಚಳವಾಗಿ ಕಂಡಿತು. ಒದ್ದೆ ಹಗ್ಗ, ಹಿತ್ತಾಳೆಯ ಕೊಡ, ಕಟ್ಟೆಯ ಮೇಲೆ ಬಿಟ್ಟುಹೋದ ಒಂದು ಜಡೆಯ ರಿಬ್ಬನ್ನು. ಚಪ್ಪಡಿಯ ಮೇಲೆ ನಾಲ್ಕು ಹುಣಸೆಬೀಜ ಬಿದ್ದಿದ್ದವು, ಒಂದು ಬಿಳಿ, ಮೂರು ಕಪ್ಪು, ಅಂದರೆ ಒಂದು. ನಡುಮನೆಯ ಸುತ್ತ ಹಸಿರು ಪಾಚಿ ಕಟ್ಟಿತ್ತು, ಹಸಿರು ಪಕ್ಷದವರು ಕಂಡದ್ದು ಅದನ್ನೇ ಇರಬೇಕು. ನಟ್ಟನಡುವೆ, ಸ್ವಲ್ಪವೂ ಅತ್ತಿತ್ತ ಇಲ್ಲದೆ, ಕೆಂಪು ಬಳೆಚೂರು ಕೂತಿತ್ತು. ನಮ್ಮತ್ತೆ ಗೆದ್ದಿದ್ದರು! ನ್ಯಾಯವಾಗಿ, ಐವತ್ತೆಂಟು ವರ್ಷದ ಹಿಂದೆಯೇ. ಹಸಿರು ಚೂರು ಎಲ್ಲೂ ಇರಲಿಲ್ಲ.

ಹದಿನಾರು ಸೆಕೆಂಡು ಎಂದು ಆಮೇಲೆ ದಸ್ತಗೀರ್ ಸಾಹೇಬರು ಹೇಳಿದರು. ನುಗ್ಗೆಮರ ಬಂತು. ನಮ್ಮತ್ತೆ ಕಾಲು ಊರಿದರು. ಬಾವಿ ಹೋಯಿತು, ಶ್ರೀನಿಲಯದ ಗೋಡೆ ಬಂತು. ನಾನು ಕೂಗಲು ಬಾಯಿ ತೆಗೆದಿದ್ದೆ. ಅವರು ನನ್ನ ಕಡೆ ತಿರುಗಿ ನೋಡಿದ ನೋಟಕ್ಕೆ ತೆಗೆದ ಬಾಯಿ ಹಾಗೇ ಮುಚ್ಚಿತು. ಕಣ್ಣಲ್ಲಿ ನೀರು ತುಂಬಿತ್ತು, ಮುಖದಲ್ಲಿ ಹತ್ತು ವರ್ಷದ ಹುಡುಗಿಯ ತುಂಟತನವಿತ್ತು.

“ಏನಾಯ್ತು? ಕೆಂಪಾ ಹಸಿರಾ?” ಎಂದು ಎರಡೂ ಬದಿಯಿಂದ ಜನ ಕೂಗುತ್ತಿದ್ದರು. ನಮ್ಮತ್ತೆ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದರು: “ಹಸಿರು. ಕಣ್ಣಾರೆ ನೋಡ್ದೆ. ಹಸಿರು ಹಣ್ಣಾಗಿದೆ. ನಾನು ಸೋತಿದ್ದೀನಿ.” ಹಸಿರು ಪಕ್ಷದವರು ಶಿಳ್ಳೆ ಹೊಡೆದರು, ಹಲ್ಲಿನ ಡಾಕ್ಟರು ಹೆಂಡತಿಯ ಎದುರಿಗೇ ಎರಡು ಹೆಜ್ಜೆ ಕುಣಿದರು. ನಮ್ಮತ್ತೆ ಯಾರನ್ನೂ ನೋಡದೆ ಕಮಲಾಕ್ಷಮ್ಮನ ಮನೆಯ ಕಡೆ ನಡೆದರು, ಸರಸರ, ಹಬ್ಬದ ದಿನ ತವರಿಗೆ ಹೊರಟವಳ ಹಾಗೆ. ಆಗ ನನಗೆ ಅರ್ಥವಾಯಿತು. ಗೆದ್ದವಳು ಮನೆಯಲ್ಲಿ ಕೂತು ಕಾಯಬೇಕು. ಕಾದು ಕಾದು ಅವರಿಗೆ ಸಾಕಾಗಿತ್ತು.

ಆದರೆ ಅವರು ಆ ಜಗಲಿ ತಲುಪಲಿಲ್ಲ. ಅಷ್ಟರಲ್ಲಿ ಕಮಲಾಕ್ಷಮ್ಮ ಕೋಲೂರಿಕೊಂಡು ಜಗಲಿ ಇಳಿದು ನಡುರಸ್ತೆಗೆ ಬಂದುಬಿಟ್ಟಿದ್ದರು.

“ಏ ಚೆಲ್ವಿ!” ಎಂದರು. ‘ಹೇಳು ಇಂದ್ರಾಣಿ’ ಇಲ್ಲದೆ, ನೇರವಾಗಿ. “ಯಾವ ಹಸಿರು ನೋಡಿದ್ಯೇ ನೀನು?”

“ನಿನ್ನ ಹಸಿರೇ. ಇನ್ಯಾವುದು?”

ಕಮಲಾಕ್ಷಮ್ಮ ಎಡಗೈ ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಸವೆದು ನುಣುಪಾದ ಹಸಿರು ಬಳೆಚೂರು. “ನನ್ನ ಹಸಿರು ಇಲ್ಲಿದೆ. ನೀನು ನನ್ನ ಕಾಯಿ ಕಡಿದ್ಯಲ್ಲ ಆವತ್ತು, ಸಿಟ್ಟಿಗೆ ಎತ್ಕೊಂಡು ಮುಷ್ಟೀಲಿ ಇಟ್ಕೊಂಡಿದ್ದೆ. ಹಾಗೇ ಮನೆಗೆ ಬಂದ್ಬಿಡ್ತು. ಆಮೇಲೆ ನೀನು ಒಂದು ಹಾಕಿದ್ದೂ ನೋಡ್ದೆ, ಹಣ್ಣಾಗಿದ್ದೂ ನೋಡ್ದೆ. ಸೋತೋಳು ನಾನು.”

ಚುರುಮುರಿಯವನು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ.

“ಮತ್ತೆ ಇಷ್ಟು ವರ್ಷ ಗೆದ್ದೆ ಗೆದ್ದೆ ಅಂತಿದ್ದೆ?” ಎಂದು ನಮ್ಮತ್ತೆ ಕೇಳಿದರು.

“ಮೊದಲು ಹಟ ಕಣೇ. ಆಮೇಲೆ ನಾಚಿಕೆ. ಆಮೇಲೆ ಅದೇ ಅಭ್ಯಾಸ ಆಗೋಯ್ತು. ನೀನು ಈ ವಯಸ್ಸಲ್ಲಿ ಬಿದ್ದು ಎದ್ದು ಬಿದ್ದು ಎದ್ದು ಮಾಡೋದನ್ನ ನೋಡಿ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ಇವತ್ತು ನೀನು ನೋಡ್ಕೊಂಡು ಬಂದು ‘ಗೆದ್ದೆ’ ಅಂದ ತಕ್ಷಣ ಬರೋಣ ಅಂತ ಕಾಯ್ತಾ ಕೂತಿದ್ದೆ. ನೀನು ನೋಡಿದ್ರೆ ಎಲ್ಲ ಕೆಡಿಸ್ಬಿಟ್ಟೆ! ಸುಳ್ಳಿ!”

“ನಾನು ಸುಳ್ಳೀನಾ? ಐವತ್ತೆಂಟು ವರ್ಷ ಸುಳ್ಳು ಹೇಳಿದೋಳು ನೀನು!”

“ನಾನು ಹೇಳಿದ್ದು ಒಂದೇ ಸುಳ್ಳು, ಅದನ್ನೇ ದಿನಾ ಹೇಳ್ದೆ. ನೀನು ಹೊಸದಾಗಿ ಹೇಳ್ತಿದ್ದೀಯ!”

“ಸೋತಿದ್ದೀನಿ ಅಂದ್ಮೇಲೆ ಸೋತಿದ್ದೀನಿ. ದಾರಿ ಬಿಡು, ನಾನು ನಿಮ್ಮನೇಲಿ ಉಣ್ಬೇಕು.”

“ನೀನು ದಾರಿ ಬಿಡು. ಸೋತೋಳು ನಾನು, ನಿಮ್ಮನೆಗೆ ಬರೋಳು ನಾನು!”

ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೇ ಜಗಳವಾಡುತ್ತಿದ್ದರು. ಹಿಡಿದದ್ದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ಜನ ನಗುತ್ತಿದ್ದರು, ಡಾಕ್ಟರ ಹೆಂಡತಿ ನಗುತ್ತಾ ಅಳುತ್ತಿದ್ದರು, ದಸ್ತಗೀರ್ ಸಾಹೇಬರು ಮುಖ ಅತ್ತ ತಿರುಗಿಸಿ ಟೋಪಿಯಿಂದ ಕಣ್ಣೊರೆಸಿಕೊಂಡರು. ಕೊನೆಗೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

“ಇಂದ್ರಾಣಿ, ನೀನೂ ಹಿಂದೆ ಬಂದ್ಯಲ್ಲ. ಹೇಳೇ ಇವಳಿಗೆ, ಹಸಿರು ಅಂತ.”

“ಹೇಳಮ್ಮ ಇಂದ್ರಾಣಿ ನಿಮ್ಮತ್ತೆಗೆ, ಕೆಂಪು ಅಂತ.”

ಇಪ್ಪತ್ತಾರು ವರ್ಷ ಅವರಿವರ ಮಾತನ್ನು ಹೊತ್ತವಳು ನಾನು. ಬಾಯಿ ಜೋರಿನವಳು. ಇಡೀ ರಸ್ತೆ ನನ್ನ ಬಾಯಿಯನ್ನೇ ನೋಡುತ್ತಿತ್ತು. “ನನಗೇನೂ ಕಾಣ್ಲಿಲ್ಲಪ್ಪ,” ಅಂದೆ. “ಅತ್ತೆ ಬೀಳ್ತಾರೇನೋ ಅಂತ ಅವರ ಹಿಂದಿನ ಚಕ್ರ ನೋಡ್ತಾ ಇದ್ದೆ.”

ಹೀಗಾಗಿ ತೀರ್ಮಾನವಾಗಲಿಲ್ಲ. ಆ ದಿನ ಸಂಜೆ ಇಬ್ಬರೂ ಮೊದಲು ಕಮಲಾಕ್ಷಮ್ಮನ ಮನೆಯ ಹೊಸಿಲು ದಾಟಿದರು, ನಮ್ಮತ್ತೆ “ಸೋತೆ ಕಣೇ” ಎಂದು ಹೇಳಿ ಉಪ್ಪಿಟ್ಟು ತಿಂದರು. ಆಮೇಲೆ ಇಬ್ಬರೂ ನಮ್ಮ ಮನೆಯ ಹೊಸಿಲು ದಾಟಿದರು, ಕಮಲಾಕ್ಷಮ್ಮ “ಸೋತೆ ಕಣೇ” ಎಂದು ಹೇಳಿ ಅನ್ನ ಸಾರು ಉಂಡರು, ಸಾರಿಗೆ ಉಪ್ಪು ಕಮ್ಮಿ ಎಂದೂ ಹೇಳಿದರು, ನೇರವಾಗಿ ನಮ್ಮತ್ತೆಗೇ. ಸೋಮವಾರ ಬೆಳಿಗ್ಗೆ ಜೆಸಿಬಿ ಬಂದು ರಸ್ತೆಯನ್ನು ಉದ್ದಕ್ಕೆ ಸೀಳಿತು. ಬಾವಿ, ಕಟ್ಟೆ, ಕೆಂಪು ಬಳೆಚೂರು ಇನ್ನು ಕಾಣುತ್ತವೋ ಇಲ್ಲವೋ, ಮುಚ್ಚಿದ ಮೇಲೆ ನೋಡಬೇಕು. ಹಸಿರು ಚೂರಂತೂ ನಮ್ಮ ದೇವರ ಗೂಡಿನಲ್ಲಿದೆ.

ಈಗ ಎರಡು ಮನೆಗಳ ನಡುವೆ ಆಳುದ್ದದ ಗುಂಡಿ, ದಾಟಲು ಒಂದೇ ಒಂದು ಹಲಗೆ. ನಿನ್ನೆ ಸಂಜೆ ನಾನು ಅಂಗನವಾಡಿಯಿಂದ ಬರುವಾಗ ಇಬ್ಬರೂ ಹಲಗೆಯ ನಡುವೆ ಎದುರುಬದುರಾಗಿ ನಿಂತಿದ್ದರು, ಒಬ್ಬರ ಕೈಯಲ್ಲಿ ಸೊಪ್ಪಿನ ಮೊರ, ಇನ್ನೊಬ್ಬರ ಕೈಯಲ್ಲಿ ಕೋಲು. “ಸೋತೋಳು ನಾನು, ನೀನು ಹಿಂದೆ ಸರಿ.” “ನೀನ್ಯಾವ ಸೀಮೆ ಸೋತೋಳು, ನೀನೇ ಸರಿ.” ಹಿಂದೆ ತರಕಾರಿಯವನು ಸೈಕಲ್ ನಿಲ್ಲಿಸಿಕೊಂಡು ದಾರಿ ಬಿಡಿ ಎಂದು ಬೆಲ್ಲು ಹೊಡೆಯುತ್ತಲೇ ಇದ್ದ.